ದ್ವೀಪದ ಪಡೆ, ದುಂಡಸಿಯ ಉಸ್ತಾದ

ಶಿಗ್ಗಾಂವಿ

ನನ್ನ ಗಂಡ ಇಪ್ಪತ್ತಾರು ವರ್ಷ ಸೈನ್ಯದಲ್ಲಿದ್ದರು. ಒಂದು ಸಲವೂ ಯುದ್ಧಕ್ಕೆ ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇವರನ್ನು ಕಂಡವರೆಲ್ಲ ಮೊದಲು ಕೇಳುವುದು ಅದನ್ನೇ. ಇವರ ಊರು ದುಂಡಸಿ. ಅಲ್ಲಿ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕುಳಿತರೆ ಸಾಕು, ಯಾರಾದರೂ ಒಬ್ಬರು, "ಸುಬೇದಾರ್ರ, ನೀವು ಯಾವ ಯುದ್ಧದಾಗ ಇದ್ರಿ?" ಅನ್ನುತ್ತಾರೆ. "ನಾ ಮೈದಾನದಾಗ ಇದ್ದೆ" ಅಂತ ಇವರು ಹೇಳುತ್ತಾರೆ. ಕೇಳಿದವರು ರಣರಂಗ ಅಂದುಕೊಂಡು ಕಣ್ಣರಳಿಸಿದರೆ ಅದನ್ನೂ ಇವರೇ ತಿದ್ದುತ್ತಾರೆ: "ಅದಲ್ಲೋ ತಮ್ಮಾ, ಕವಾಯತಿನ ಮೈದಾನ. ಎಡ, ಬಲ ಕಲಸ್ತಿದ್ದೆ." ಆಮೇಲೆ ಮಾತು ಗೋವಿನಜೋಳದ ಕಡೆಗೆ ಹೊರಳುತ್ತದೆ.

ಇವರು ಡ್ರಿಲ್ ಉಸ್ತಾದ. ಉತ್ತರದಲ್ಲಿ ಬೆಟ್ಟದ ಬುಡದ ಊರೊಂದರಲ್ಲಿ, ಸೈನ್ಯದ ಅಧಿಕಾರಿಗಳಾಗಲು ಬರುವ ಹುಡುಗರಿಗೆ ನಿಲ್ಲುವುದು, ನಡೆಯುವುದು, ತಿರುಗುವುದು, ಸೆಲ್ಯೂಟ್ ಹೊಡೆಯುವುದನ್ನು ಕಲಿಸಿದವರು. ಅತ್ತ ಅವರು ಎಡ ಬಲ ಕಲಿಸುತ್ತಿದ್ದಾಗ ಇತ್ತ ನಾನು ಹಾನಗಲ್ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಅ ಆ ಇ ಈ ಕಲಿಸಿದೆ. ಇಬ್ಬರೂ ನಿವೃತ್ತರಾಗಿ ಶಿಗ್ಗಾಂವಿಯಲ್ಲಿ ಮನೆ ಮಾಡಿದ ಮೇಲೆಯೇ ನಾವು ಒಂದೇ ಸೂರಿನ ಕೆಳಗೆ ಸತತವಾಗಿ ಒಂದು ವರ್ಷ ಇದ್ದದ್ದು.

ಹೋದ ವರ್ಷ ಒಂದು ಸಂಜೆ ಮಾಲ್ಡೀವ್ಸಿನಿಂದ ಫೋನು ಬಂತು. ಆ ಕಡೆಯ ದನಿ ಹಿಂದಿಯಲ್ಲಿ, "ಉಸ್ತಾದ್, ನಾನು ಇಬ್ರಾಹಿಂ. ಎಡಗಾಲಿಗೆ ಎಡಗೈ ಬೀಸುತ್ತಿದ್ದವನು" ಅಂದಿತು. ಇವರು ಕುರ್ಚಿಯಿಂದ ಎದ್ದು ನಿಂತರು. ಆ ಹುಡುಗ ಈಗ ಮೇಜರ್. ತನ್ನ ದೇಶದ ಪಡೆಗೆ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವ ಹೊಣೆ ಅವನದು. ಈ ಸಲದ ತಂಡದ ಕೊನೆಯ ಕವಾಯತಿಗೆ ಉಸ್ತಾದರು ಬಂದೇ ಬರಬೇಕು ಅಂತ ಹಟ.

ಫೋನು ಇಟ್ಟು ಇವರು, "ನಾ ಏನ್ ಯುದ್ಧ ಗೆದ್ದು ಬಂದೇನಿ, ಪರದೇಶಕ್ಕ ಕರಿಯಾಕ? ಒಲ್ಲೆ ಅಂತ ಹೇಳಿಬಿಡ್ತೇನಿ" ಅಂದರು.

"ನಾ ಅಂತೂ ಹೋಗ್ತೇನಿ. ನೀವು ಬರೂದಿದ್ರ ಬರ್ರಿ" ಅಂದೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ಇವರು ಕೆಲಸ ಮಾಡುವುದನ್ನು ನಾನು ನೋಡಿಯೇ ಇರಲಿಲ್ಲ. ಆ ಆಸೆಯೇ ನನ್ನನ್ನು ಎಳೆಯಿತು.

ಪಕ್ಕದ ಮನೆಯವರು, ಆ ದೇಶಕ್ಕೂ ನಮಗೂ ಈಗ ಅಷ್ಟಕ್ಕಷ್ಟೇ ಅಂತ ಟಿ.ವಿ.ಯಲ್ಲಿ ತೋರಿಸುತ್ತಾರೆ, ಹುಷಾರು ಅಂದರು. ಇವರು ಬೂಟಿಗೆ ಪಾಲಿಶ್ ಹಚ್ಚುತ್ತ ಕುಳಿತರು. ನಾಲ್ಕು ದಿನ ಹಚ್ಚಿದರು. ಐದನೆಯ ದಿನ ಆ ಬೂಟಿನಲ್ಲಿ ಮುಖ ನೋಡಿಕೊಂಡು ನಾನು ಕುಂಕುಮ ತಿದ್ದಿಕೊಂಡೆ.

ವಿಮಾನ ನಿಲ್ದಾಣ

ಅಲ್ಲಿಯ ವಿಮಾನ ನಿಲ್ದಾಣ ಒಂದು ದ್ವೀಪ. ಇಳಿಯುವಾಗ ಎರಡೂ ಕಿಟಕಿಗಳಲ್ಲಿ ನೀರೇ ಕಾಣುತ್ತದೆ, ನೆಲ ಎಲ್ಲಿಯೂ ಇಲ್ಲ. ನಾನು ಇವರ ತೋಳು ಹಿಡಿದೆ. ಇವರು ಆಗಲೇ ಮುಂದಿನ ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದರು.

ನೆಲ ಸಿಕ್ಕಿತು, ಸಾಮಾನು ಸಿಗಲಿಲ್ಲ. ನನ್ನ ಚೀಲ ಬಂತು. ಅದರಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೊಡಲಿಕ್ಕೆಂದು ಕಟ್ಟಿಕೊಂಡ ಕುರುಕಲು ಸವಣೂರು ಖಾರಾ ಎಲ್ಲ ಕ್ಷೇಮವಾಗಿದ್ದವು. ಇವರ ಬೂಟು, ಕೋಟು, ಪದಕ ಇದ್ದ ಪೆಟ್ಟಿಗೆ ಬರಲಿಲ್ಲ. ಕೌಂಟರಿನ ಹುಡುಗಿ ಬಹಳ ಮರ್ಯಾದೆಯಿಂದ, ಹುಡುಕುತ್ತೇವೆ ಅಂದಳು. ಹುಡುಕಿದರು ಕೂಡ. ನಾವು ಶಿಗ್ಗಾಂವಿಗೆ ಮರಳಿದ ಒಂಬತ್ತನೆಯ ದಿನ ಆ ಪೆಟ್ಟಿಗೆ ಮನೆಗೆ ಬಂತು.

ಹೀಗಾಗಿ, ಊರ ಸಂತೆಗೆ ಹೋಗುವ ಅರ್ಧ ತೋಳಿನ ಅಂಗಿ, ಕಾಲಿಗೆ ಚಪ್ಪಲಿ, ಈ ವೇಷದಲ್ಲಿ ಇವರು ಹೊರಗೆ ಬಂದರು. ಬಾಗಿಲಲ್ಲಿ ಸಮವಸ್ತ್ರದ ಅಧಿಕಾರಿಯೊಬ್ಬ ನಿಂತಿದ್ದ, ಇಬ್ರಾಹಿಂ. ನಲವತ್ತರ ಆಸುಪಾಸು, ಕಪ್ಪು ಮೈಬಣ್ಣ, ಸಣ್ಣ ಕಣ್ಣು. ಇವರನ್ನು ಕಂಡದ್ದೇ ಅವನ ಹಿಮ್ಮಡಿ ನೆಲಕ್ಕೆ ಬಿದ್ದ ಸದ್ದಿಗೆ ಸುತ್ತಲಿನ ಜನ ದೂರ ಸರಿದರು. ಕೈ ಹಣೆಗೆ ಹೋಗಿ ಅಲ್ಲೇ ನಿಂತಿತು.

ಇವರಿಗೆ ಗಾಬರಿ. ಮೇಜರ್ ಸಾಹೇಬರು ಸುಬೇದಾರನಿಗೆ ಮೊದಲು ಸೆಲ್ಯೂಟ್ ಹೊಡೆಯುವಂತಿಲ್ಲ. ತಿರುಗಿ ಹೊಡೆಯೋಣವೆಂದರೆ ತಲೆಯ ಮೇಲೆ ಟೋಪಿ ಇಲ್ಲ, ಟೋಪಿ ಇಲ್ಲದೆ ಸೆಲ್ಯೂಟ್ ಹೊಡೆಯುವುದು ನಮ್ಮ ಸೈನ್ಯದಲ್ಲಿಲ್ಲ. ಚಪ್ಪಲಿ ಕಾಲನ್ನೇ ಜೋಡಿಸಿ, ಮುಷ್ಟಿ ತೊಡೆಗೆ ಹಚ್ಚಿ ನೆಟ್ಟಗೆ ನಿಂತರು. ಇಬ್ಬರೂ ಎಷ್ಟೋ ಹೊತ್ತು ಹಾಗೇ ನಿಂತಿದ್ದರು. ಕೊನೆಗೆ ನಾನೇ, "ಸಾಕು ಬರ್ರಿ, ಹಿಂದ ಮಂದಿ ನಿಂತಾರ" ಅನ್ನಬೇಕಾಯಿತು.

ಇಬ್ರಾಹಿಮ್ಮನ ಮನೆ

ಇಬ್ರಾಹಿಮ್ಮನ ಮನೆ ಎತ್ತರದ ಕಟ್ಟಡವೊಂದರ ಆರನೆಯ ಮಹಡಿಯಲ್ಲಿ. ಅವನ ಹೆಂಡತಿ ಆಯಿಶತ್ ಶಾಲೆಯ ಟೀಚರು ಅಂತ ಗೊತ್ತಾದ ಮೇಲೆ ನಮಗಿಬ್ಬರಿಗೂ ಭಾಷೆಯ ಚಿಂತೆ ಕಡಿಮೆಯಾಯಿತು. ಮುರುಕು ಇಂಗ್ಲಿಷಿನಲ್ಲಿ ಹಾಜರಿ ಪುಸ್ತಕದ ಕಷ್ಟಗಳನ್ನು ಹಂಚಿಕೊಂಡೆವು.

ಬಾಲ್ಕನಿಯಲ್ಲಿ ಹಗ್ಗದ ಬಲೆ ಹೆಣೆದು ಕಟ್ಟಿಗೆಗೆ ಕಟ್ಟಿದ ಆಸನವೊಂದಿತ್ತು. ಇಬ್ರಾಹಿಮ್ಮನ ವಯಸ್ಸಾದ ತಾಯಿ ಅದರಲ್ಲಿ ತೂಗುತ್ತ ಕುಳಿತಿದ್ದರು. ಅದಕ್ಕೆ ಏನನ್ನುತ್ತೀರಿ ಅಂತ ಕೇಳಿದೆ. "ಜೋಲಿ" ಅಂದರು. ನಮ್ಮಲ್ಲಿ ಕೂಸನ್ನು ಮಲಗಿಸುವ ಬಟ್ಟೆಯ ತೊಟ್ಟಿಲಿಗೂ ಜೋಲಿ ಅನ್ನುತ್ತೇವೆ ಅಂತ ಕೈಯಲ್ಲಿ ತೂಗಿ ತೋರಿಸಿದಾಗ ಆ ತಾಯಿ ನಕ್ಕು ಜಾಗ ಬಿಟ್ಟುಕೊಟ್ಟರು. ಊಟಕ್ಕೆ ಬಂದ ತೆಳ್ಳನೆಯ ಚಪಾತಿಯ ಹೆಸರು ರೋಶಿ. ಅಲ್ಲಿ ಮೀನಿಲ್ಲದೆ ಊಟವಿಲ್ಲ. ನಮಗಾಗಿ ಆಯಿಶತ್ ಬರೀ ಕಾಯಿತುರಿ, ಉಳ್ಳಾಗಡ್ಡಿ, ಮೆಣಸಿನಕಾಯಿ, ನಿಂಬೆ ಕಲಸಿ ಕೊಟ್ಟಳು. ನಾನು ಮೇಲೆ ಒಂದಿಷ್ಟು ಶೇಂಗಾ ಚಟ್ನಿ ಉದುರಿಸಿದೆ. ಆ ತಾಯಿ ಮೂರು ಸಲ ಹಾಕಿಸಿಕೊಂಡರು. ಊಟವಾದ ಮೇಲೆ ತಟ್ಟೆಯಲ್ಲಿ ಎಲೆ, ತೆಳುವಾಗಿ ಹೆಚ್ಚಿದ ಅಡಿಕೆ, ಲವಂಗ ಬಂದವು. ನನಗೆ ಸವಣೂರಿನ ಎಲೆಯ ತೋಟದ ಪಕ್ಕದಲ್ಲೇ ಕುಳಿತಂತಾಯಿತು.

ಎಲೆ ಮಡಚುತ್ತ ಇಬ್ರಾಹಿಂ ತನ್ನ ತಾಯಿಗೂ ನನಗೂ ತಿಳಿಯಲೆಂದು, ಒಮ್ಮೆ ಅವರ ಭಾಷೆಯಲ್ಲಿ, ಒಮ್ಮೆ ಹಿಂದಿಯಲ್ಲಿ ಹಳೆಯ ಕಥೆ ತೆಗೆದ.

"ಮಾತಾಜಿ, ನಾನು ಹುಟ್ಟಿದ ದ್ವೀಪದಲ್ಲಿ ನೆಟ್ಟಗೆ ಹತ್ತು ನಿಮಿಷ ನಡೆದರೆ ಸಮುದ್ರ ಬರುತ್ತದೆ. ಅಲ್ಲಿ ಇರುವುದು ಮರಳು. ಮರಳಿನಲ್ಲಿ ಹಿಮ್ಮಡಿ ಊರಿದರೆ ಕಾಲು ಹುಗಿಯುತ್ತದೆ, ಬೆರಳ ಮೇಲೆ ಭಾರ ಹಾಕಿ ನಡೆಯಬೇಕು. ಹದಿನೆಂಟು ವರ್ಷ ಬರಿಗಾಲಲ್ಲಿ ಹಾಗೆ ನಡೆದವನ ಕಾಲಿಗೆ ಭಾರತದಲ್ಲಿ ಬೂಟು ಹಾಕಿದರು. ಕವಾಯತಿನ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದೆ. ಮೂರನೆಯ ಸಲವೂ ತಪ್ಪಿದರೆ ದೇಶಕ್ಕೆ ವಾಪಸು ಕಳಿಸುತ್ತಾರೆ ಅಂತ ನನಗೆ ನಾನೇ ಹೆದರಿಕೊಂಡು ಟ್ರಂಕು ಕಟ್ಟಿಟ್ಟಿದ್ದೆ."

ಇವರು, "ಇರಲಿ ಬಿಡಿ ಸಾಹೇಬ್, ಹಳೆಯ ಮಾತು" ಅಂದರು. ಇಬ್ರಾಹಿಂ ಬಿಡಲಿಲ್ಲ.

"ಅವತ್ತು ಉಸ್ತಾದರ ರಜೆ ಮಂಜೂರಾಗಿತ್ತು. ಎರಡನೆಯ ಮಗಳು ಹುಟ್ಟಿದ್ದಾಳೆ ಅಂತ ನಮಗೆಲ್ಲ ಪೇಡೆ ಕೊಟ್ಟರು. ಅವರ ಚೀಲವೂ ಕಟ್ಟಿ ತಯಾರಿತ್ತು. ನನ್ನ ಟ್ರಂಕು ಕಂಡರು. ಹೋಗಿ ತಮ್ಮ ಚೀಲ ಬಿಚ್ಚಿ ಬಂದರು. ಹದಿನೈದು ದಿನ, ಮುಂಜಾನೆ ಸಂಜೆ, ನಾನೊಬ್ಬ, ಅವರೊಬ್ಬರು, ಖಾಲಿ ಮೈದಾನ. ಹದಿನಾರನೆಯ ದಿನ ನಾನು ಪಾಸಾದೆ."

ಆ ತಾಯಿ ನನ್ನ ಕೈ ಹಿಡಿದು ಏನೋ ಅಂದರು. ನಾನು ಕೈ ಕೊಟ್ಟೆ, ನಕ್ಕೆ ಕೂಡ. ಒಳಗೆ ಬೇರೆಯೇ ನಡೆದಿತ್ತು.

ಆ ಎರಡನೆಯ ಮಗಳು ವಿದ್ಯಾ. ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಲ್ಲಿ, ನನ್ನ ತವರಿನಲ್ಲಿ ಹುಟ್ಟಿದವಳು. ಎಂಟನೆಯ ದಿನಕ್ಕೆ ಅವಳ ಮೈ ಅರಿಸಿನ ಹಚ್ಚಿದಂತೆ ಹಳದಿಯಾಯಿತು. ಬಾಣಂತಿ ನಾನು, ನಮ್ಮವ್ವ, ಇಬ್ಬರೇ ಬಸ್ಸಿನಲ್ಲಿ ಅವಳನ್ನು ದಾವಣಗೆರೆಯ ಆಸ್ಪತ್ರೆಗೆ ಒಯ್ದೆವು. ಗಾಜಿನ ಪೆಟ್ಟಿಗೆಯಲ್ಲಿ ನೀಲಿ ದೀಪದ ಕೆಳಗೆ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆ ಕೂಸು ಮಲಗಿತ್ತು. ಇವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ರಜಾ ಸಿಗಲಿಲ್ಲ." ಇಷ್ಟು ವರ್ಷವೂ ನಾನು ಸಿಟ್ಟಾದದ್ದು ಸೈನ್ಯದ ಮೇಲೆ. ಸೈನ್ಯ ರಜೆ ಕೊಟ್ಟಿತ್ತು ಅಂತ ಈಗ ಗೊತ್ತಾಯಿತು.

ಸಮುದ್ರದ ದಂಡೆ

ಮರುದಿನ ಬೆಳಿಗ್ಗೆ ಇಬ್ಬರೂ ಅವರ ರಾಜಧಾನಿ ಮಾಲೆಯ ಪೇಟೆ ನೋಡಲು ಹೋದೆವು. ನೋಡಲು ಅನ್ನುವುದಕ್ಕಿಂತ ಮೋಟರ್ ಸೈಕಲ್ಲುಗಳಿಂದ ತಪ್ಪಿಸಿಕೊಳ್ಳಲು ಅನ್ನಬೇಕು. ಅಷ್ಟು ಇಕ್ಕಟ್ಟಿನ ಓಣಿಗಳಲ್ಲಿ ಅಷ್ಟು ಗಾಡಿಗಳು, ಆದರೂ ಯಾರೂ ಹಾರ್ನ್ ಹೊಡೆಯುವುದಿಲ್ಲ. ಶಿಗ್ಗಾಂವಿಯ ಬಸ್ ನಿಲ್ದಾಣದ ಮುಂದೆ ಪಳಗಿದ ಕಿವಿಗೆ ಆ ಶಾಂತಿ ದಿಗಿಲು ಹುಟ್ಟಿಸುತ್ತದೆ. ಒಂದು ದನವಿಲ್ಲ, ಒಂದು ನಾಯಿಯಿಲ್ಲ. ಮೀನು ಇಳಿಸುವ ಧಕ್ಕೆ ದಾಟಿದರೆ ಸಮುದ್ರಕ್ಕೆ ಕಟ್ಟಿದ ಗೋಡೆ. ಅದರ ಮೇಲೆ ಕುಳಿತೆವು.

"ರಜಾ ಮಂಜೂರ ಆಗಿತ್ತಂತಲ್ಲ" ಅಂದೆ.

ಇವರು ನೀರು ನೋಡುತ್ತಿದ್ದರು. "ಹ್ಞೂಂ" ಅಂದರು.

"ನನಗ ಯಾಕ ಸುಳ್ಳ ಹೇಳಿದ್ರಿ?"

"ಖರೇ ಹೇಳಿದ್ರ ನೀ ಬರ್ರಿ ಅಂತಿದ್ದಿ. ನೀ ಬರ್ರಿ ಅಂದಿದ್ರ ನಾ ಬಂದುಬಿಡ್ತಿದ್ದೆ."

"ಕೂಸಿಗೆ ಕಾಮಣಿ ಆಗಿದ್ದು ಗೊತ್ತಿತ್ತಲ್ರಿ ನಿಮಗ."

"ಸುದ್ದಿ ನನಗ ತಡಾ ಆಗಿ ಮುಟ್ತು, ಅಷ್ಟರಾಗ ಅವನ ಪರೀಕ್ಷಾಕ್ಕ ಎರಡ ದಿನ ಉಳದಿತ್ತು. ರೈಲಿನ್ಯಾಗ ಬಂದ್ರೂ ಮೂರ ದಿನದ ಹಾದಿ. ಆ ಎರಡ ದಿನ ನನಗ ಊಟ ಹೋಗಲಿಲ್ಲ. ನಿನಗ ನಿಮ್ಮವ್ವ ಇದ್ಳು. ಆ ಹುಡುಗಗ ಅಲ್ಲಿ ಯಾರೂ ಇರಲಿಲ್ಲ. ತಪ್ಪ ಮಾಡೇನಿ ಅಂತ ಎಷ್ಟೋ ಸಲ ಅನಸೇತಿ. ಹೇಳಾಕ ಧೈರ್ಯ ಆಗಲಿಲ್ಲ" ಅಂದರು.

ಇಪ್ಪತ್ತಾರು ವರ್ಷ ಸೈನ್ಯದಲ್ಲಿದ್ದ ಮನುಷ್ಯನ ಬಾಯಲ್ಲಿ ಧೈರ್ಯ ಆಗಲಿಲ್ಲ ಅನ್ನುವ ಮಾತು ಕೇಳಿದ್ದು ಅದೇ ಮೊದಲು. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಬರೆಯಲಿ. ಆದರೆ ಆ ಗೋಡೆಯ ಮೇಲೆ ಕುಳಿತಾಗ ನನಗೆ ಮೂರನೆಯ ಇಯತ್ತೆಯ ಒಬ್ಬ ಹುಡುಗಿಯ ನೆನಪಾಯಿತು. ಅವಳಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅವಳನ್ನು ಕೂರಿಸಿಕೊಂಡು, ಸಂಜೆಯ ಬಸ್ಸು ತಪ್ಪಿಸಿಕೊಂಡು, ನನ್ನ ಇಬ್ಬರು ಮಕ್ಕಳನ್ನು ಪಕ್ಕದ ಮನೆಯವರು ಉಣ್ಣಿಸಿದ ದಿನಗಳು ಎಷ್ಟೋ ಇವೆ. ಆ ಹುಡುಗಿ ಪಾಠ ಪೂರ್ತಿ ಓದಿದ ದಿನ ನನಗೆ ನನ್ನ ಮಕ್ಕಳ ಹಸಿವೆ ನೆನಪಿಗೇ ಬಂದಿರಲಿಲ್ಲ.

ವಿದ್ಯಾಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಧಾರವಾಡದಲ್ಲಿ ನರ್ಸಿಂಗ್ ಓದುತ್ತಾಳೆ. ಅಪ್ಪನ ಮೇಲೆ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಅವಳು, "ಅವ್ವಾ, ಕಾಮಣಿಗೆ ಬೇಕಾಗಿದ್ದು ನೀಲಿ ಲೈಟು. ಅಪ್ಪ ಬಂದಿದ್ರ ಅದರ ಮುಂದ ಅಟೆನ್ಶನ್ ನಿಂದರತಿದ್ದ, ಅಷ್ಟ. ನಾ ಅಂತೂ ಆರಾಮ ಅದೇನಿ. ಆ ಮೇಜರಣ್ಣಗ ಒಬ್ಬಾಕಿ ತಂಗಿ ಅದಾಳ ಅಂತ ಹೇಳು" ಅಂದಳು. ಸ್ಪೀಕರಿನಲ್ಲಿ ಕೇಳುತ್ತಿದ್ದ ಇವರು ಎದ್ದು ಆ ಕಡೆ ಹೋಗಿ ದೋಣಿ ನೋಡುತ್ತ ನಿಂತರು.

ದರ್ಜಿಯ ಅಂಗಡಿ

ಇನ್ನೊಂದು ತೊಡಕು ಹಾಗೇ ಇತ್ತು. ಕೋಟಿಲ್ಲದೆ, ಬೂಟಿಲ್ಲದೆ ಕವಾಯತಿಗೆ ಬರುವುದಿಲ್ಲ ಅಂತ ಇವರು ಕುಳಿತರು. "ಒಂದ ಗುಂಡಿ ಸಡಿಲ ಇದ್ರ ಹುಡುಗರನ್ನ ಮೈದಾನದಿಂದ ಹೊರಗ ಕಳಿಸಿದಾಂವ ನಾ. ಚಪ್ಪಲಿ ಹಾಕ್ಕೊಂಡು ಹೆಂಗ ಹೋಗಿ ನಿಂದರ್ಲಿ?"

ಇಬ್ರಾಹಿಂ ಪಡೆಯ ಬಟ್ಟೆ ಹೊಲಿಯುವ ದರ್ಜಿಯ ಬಳಿಗೆ ಕರೆದೊಯ್ದ. ದರ್ಜಿ ಅಳತೆ ಪಟ್ಟಿ ಹಿಡಿದು ಬಂದರೆ ಇವರು ಅಲ್ಲಿಯೂ ಸಾವಧಾನ ಭಂಗಿಯಲ್ಲಿ ಎದೆಯುಬ್ಬಿಸಿ ನಿಂತರು. ಉಸಿರು ಬಿಡಿ, ಇಲ್ಲದಿದ್ದರೆ ಊಟವಾದ ಮೇಲೆ ಅಂಗಿ ಬಿಗಿಯಾಗುತ್ತದೆ ಅಂತ ಅವನು ಕೈಸನ್ನೆ ಮಾಡಿದ. ಮಧ್ಯಾಹ್ನದೊಳಗೆ ಬಿಳಿ ಅಂಗಿ, ಕಪ್ಪು ಪ್ಯಾಂಟು ತಯಾರಾದವು. ಬೂಟು ಒಬ್ಬ ಸಿಪಾಯಿಯದು, ತುಸು ದೊಡ್ಡದು. ಮುಂದೆ ಹತ್ತಿ ತುರುಕಿದೆವು. ಆ ಸಿಪಾಯಿ ಅದನ್ನು ಮೊದಲೇ ಪಾಲಿಶ್ ಮಾಡಿ ತಂದಿದ್ದ. ಇವರು ಬೆಳಕಿಗೆ ಹಿಡಿದು ನೋಡಿ, ಹಿಂಬದಿಯಲ್ಲಿ ಒಂದು ಕಡೆ ಬೆರಳಿಟ್ಟು ತೋರಿಸಿದರು. ಹುಡುಗ ನಗುತ್ತ ಮತ್ತೆ ಉಜ್ಜಿ ತಂದ.

ತರಬೇತಿಯ ದ್ವೀಪ

ಕವಾಯತಿನ ಹಿಂದಿನ ದಿನ ತಾಲೀಮು ನೋಡಲು ಪಡೆಯ ದೋಣಿಯಲ್ಲಿ ಹೋದೆವು. ಇಬ್ರಾಹಿಂ ದಾರಿಯುದ್ದಕ್ಕೂ ತನ್ನ ದೇಶ ತೋರಿಸುತ್ತ ಬಂದ. ನೀರಿನ ಮೇಲೆ ಹಸಿರು ಚುಕ್ಕೆಗಳು, ಒಂದೊಂದೂ ಒಂದೊಂದು ಊರು. ನಮ್ಮ ಸೈನಿಕರು ಹಿಮದಲ್ಲಿ, ಗುಡ್ಡದಲ್ಲಿ ಗಡಿ ಕಾಯುತ್ತಾರೆ. ಇಲ್ಲಿಯವರಿಗೆ ಗೆರೆ ಎಳೆದ ಗಡಿ ಇಲ್ಲ, ಎಲ್ಲ ಕಡೆಯೂ ನೀರು. ದಿಕ್ಕು ತಪ್ಪಿದ ಮೀನುಗಾರನನ್ನು ಹುಡುಕುವುದು, ಬಸುರಿಯನ್ನು ದೋಣಿಯಲ್ಲಿ ಆಸ್ಪತ್ರೆಗೆ ಮುಟ್ಟಿಸುವುದು, ಪೇಟೆಯಲ್ಲಿ ಬೆಂಕಿ ಬಿದ್ದರೆ ಆರಿಸುವುದು, ಇವೂ ಆ ಪಡೆಯ ಕೆಲಸಗಳೇ. "ಸಣ್ಣ ಪಡೆ ಮಾತಾಜಿ, ನಿಮ್ಮ ದೇಶದ ಲೆಕ್ಕದಲ್ಲಿ ಒಂದು ಮೂಲೆ" ಅಂದ ಇಬ್ರಾಹಿಂ. ಹಾಗೆ ಹೇಳುವಾಗ ಅವನ ಮುಖದಲ್ಲಿ ಸಣ್ಣವರೆಂಬ ನಾಚಿಕೆ ಒಂದಿಷ್ಟೂ ಇರಲಿಲ್ಲ.

ಮೈದಾನದಲ್ಲಿ ಅರವತ್ತು ಜನ ಹೊಸ ಸಿಪಾಯಿಗಳು, ಅವರಲ್ಲಿ ಹುಡುಗಿಯರೂ ಇದ್ದರು. ಕಲಿಸುತ್ತಿದ್ದವಳು ಒಬ್ಬ ಹೆಣ್ಣು ಸಾರ್ಜೆಂಟ್. ಗಿಡ್ಡ ಆಳು, ಆದರೆ ಕಂಠ ದ್ವೀಪದ ಆ ತುದಿಗೆ ಮುಟ್ಟುವಂಥದ್ದು. ಆಜ್ಞೆಗಳೆಲ್ಲ ಅವರ ಭಾಷೆಯಲ್ಲಿ. ನಾನು ಬಿಸಿಲಿಗೆ ಸೆರಗು ಹೊದ್ದು ನೋಡುತ್ತಿದ್ದೆ. ನಡುವೆ ಅವಳು ಸಾಲಿನತ್ತ ತಿರುಗಿ ಕೂಗಿದಳು:

"ಎದ್ಯೆತ್ತ್."

ಅರವತ್ತು ಎದೆಗಳು ಒಮ್ಮೆಲೆ ಮೇಲೆ ಬಂದವು.

ನಾನು ಇವರ ಕಡೆ ನೋಡಿದೆ. ಇವರು ನನ್ನ ಕಡೆ ನೋಡಿದರು.

"ಏನಂದ್ಳ್ರಿ ಆಕಿ?" ಅಂದೆ.

"ಎದಿ ಎತ್ತು ಅಂದ್ಳು" ಅಂದರು ಮೆಲ್ಲಗೆ.

ಬಿಡುವಿನಲ್ಲಿ ಸಾರ್ಜೆಂಟಳನ್ನು ಕೇಳಿದೆವು. ಅವಳು ಇಂಗ್ಲಿಷಿನಲ್ಲಿ ವಿವರಿಸಿದಳು. ಅದು ಹಳೆಯ ಸೈನಿಕ ಶಬ್ದವಂತೆ, ಭಾರತದಿಂದ ಬಂದದ್ದಂತೆ. ಅರ್ಥ ಗೊತ್ತಿಲ್ಲ, ಆದರೆ ಆ ಶಬ್ದ ಕಿವಿಗೆ ಬಿದ್ದರೆ ಎದೆ ಮೇಲೆ ಬರಬೇಕು, ತನಗೆ ಕಲಿಸಿದವರು ಹಾಗೆ ಕಲಿಸಿದರು ಅಂದಳು. ಇಬ್ರಾಹಿಂ ಕಿವಿಯವರೆಗೆ ನಗುತ್ತಿದ್ದ. "ಆ ಹದಿನೈದು ದಿನ ಉಸ್ತಾದರು ಸಿಟ್ಟು ಬಂದಾಗಲೆಲ್ಲ ಅದನ್ನೇ ಕೂಗುತ್ತಿದ್ದರು. ನಾನು ಹಿಂದಿ ಅಂದುಕೊಂಡೆ. ಹಿಂದಿ ಬಲ್ಲ ಗೆಳೆಯನನ್ನು ಕೇಳಿದರೆ ಅವನು ಪಂಜಾಬಿ ಇರಬೇಕು ಅಂದ. ನನ್ನ ಹುಡುಗರಿಗೆ ಹಾಗೇ ಕಲಿಸಿದೆ. ಈಗ ಅದು ಇಲ್ಲಿ ಎಲ್ಲರಿಗೂ ಗೊತ್ತು."

ದುಂಡಸಿಯ ಹೊಲದಲ್ಲಿ ಬಗ್ಗಿ ನಡೆಯುವ ಮಕ್ಕಳಿಗೆ ನಮ್ಮ ಮಾವನವರು ಗದರುತ್ತಿದ್ದ ಮಾತು ಅದು. ಅದನ್ನು ಇವರು ಬೆಟ್ಟದ ಬುಡಕ್ಕೆ ಒಯ್ದರು, ಇಬ್ರಾಹಿಂ ಸಮುದ್ರ ದಾಟಿಸಿದ. ನಾನು ಮೂವತ್ತು ವರ್ಷ ಕನ್ನಡ ಕಲಿಸಿದ ಮಾಸ್ತರಿಣಿ. ಪರದೇಶದ ಸೈನ್ಯಕ್ಕೆ ಎರಡು ಕನ್ನಡ ಶಬ್ದ ಕಲಿಸಿದ್ದು ಮಾತ್ರ ನನ್ನ ಗಂಡ.

ಕವಾಯತು

ಮರುದಿನ ಸಿಪಾಯಿಗಳ ಮನೆಯವರು ದೂರದ ದ್ವೀಪಗಳಿಂದ ದೋಣಿಗಳಲ್ಲಿ ಬಂದಿದ್ದರು. ಮುದುಕರು, ಕೈಗೂಸುಗಳು, ಬುತ್ತಿಯ ಡಬ್ಬಿಗಳು. ನನ್ನನ್ನು ಅವರ ನಡುವೆಯೇ ಕೂರಿಸಿ ಅಂತ ನಾನೇ ಕೇಳಿಕೊಂಡೆ. ಇವರನ್ನು ಇಬ್ರಾಹಿಂ ಮುಂದೆ ಕರೆದೊಯ್ದ.

ವಾದ್ಯ ಮೊಳಗಿತು. ಅರವತ್ತು ಹಿಮ್ಮಡಿಗಳು ಒಂದೇ ಸದ್ದಿನಲ್ಲಿ ನೆಲಕ್ಕೆ ಬಿದ್ದಾಗ ನಾನು ಕುಳಿತ ಬೆಂಚು ನಡುಗಿತು. ಮರಳಿನ ಮೇಲೆ ಹುಟ್ಟಿ ಬೆಳೆದ ಕಾಲುಗಳು ಅವು. ಬಾವುಟದ ಮುಂದೆ ಪ್ರಮಾಣವಾಯಿತು. ಆಮೇಲೆ ಇಬ್ರಾಹಿಂ ಇವರ ಕಡೆ ತಿರುಗಿ ಒಂದು ಮಾತು ಹೇಳಿದ. ಸಾಲು ಪರೀಕ್ಷಿಸುವ ಗೌರವ ಇವರಿಗೆ ಕೊಟ್ಟಿದ್ದ.

ಇವರು ನಡೆದರು. ನಾನು ಕಂಡ ನನ್ನ ಗಂಡ ಅಂಗಳದಲ್ಲಿ ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಳ್ಳುವವರು, ಹಾಲಿನ ತಂಬಿಗೆ ಹಿಡಿದು ನಿಧಾನ ಬರುವವರು. ಆ ಮೈದಾನದಲ್ಲಿ ನಡೆದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬೆನ್ನು ಗೆರೆ ಎಳೆದಂತೆ, ಕೈ ಅಳತೆ ಮಾಡಿದಂತೆ. ಒಬ್ಬೊಬ್ಬರ ಮುಂದೆಯೂ ನಿಂತು, ಮುಖ ನೋಡಿ, ಮುಂದೆ ಹೋದರು. ಯಾರನ್ನೂ ಬಿಡಲಿಲ್ಲ. ಒಬ್ಬಳು ಹುಡುಗಿಯ ಮುಂದೆ ತುಸು ಹೆಚ್ಚು ಹೊತ್ತು ನಿಂತರು. ಏನು ತಪ್ಪು ಸಿಕ್ಕಿತು ಅಂತ ಆಮೇಲೆ ಕೇಳಿದೆ. "ತಪ್ಪೇನೂ ಇರಲಿಲ್ಲ. ಆಕಿ ಅಳಾಕತ್ತಿದ್ಳು, ಕಣ್ಣು ಮಿಟಕಸಲಿಲ್ಲ. ಅದನ್ನ ನೋಡಾಕತ್ತಿದ್ದೆ" ಅಂದರು.

ನನ್ನ ಪಕ್ಕದಲ್ಲಿ ನನ್ನದೇ ವಯಸ್ಸಿನ ಹೆಂಗಸು ಕುಳಿತಿದ್ದಳು. ಬಿಸಿಲಿಗೆ ಒಣಗಿದ ಮುಖ, ತಲೆಗೆ ಸುತ್ತಿದ ಕೆಂಪು ಬಟ್ಟೆ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಆದರೂ ಬಹಳ ಹೊತ್ತಿನಿಂದ ನನ್ನ ಜೊತೆ ಮಾತಾಡುತ್ತಲೇ ಇದ್ದಳು. ಎರಡನೆಯ ಸಾಲಿನ ಒಬ್ಬ ಹುಡುಗನತ್ತ ಬೆರಳು ತೋರಿಸಿ, ಅದೇ ಬೆರಳಿನಿಂದ ತನ್ನ ಎದೆ ಮುಟ್ಟಿಕೊಂಡಳು. ನಿನ್ನವರು ಯಾರು ಅಂತ ಕೇಳುವಂತೆ ಹುಬ್ಬು ಹಾರಿಸಿದಳು.

ಇವರು ಆಗ ಸಾಲಿನ ಹಿಂದಿನಿಂದ ಹಾಯ್ದು ಹೋಗುತ್ತಿದ್ದರು. ನಾನು ಕೈ ಚಾಚಿ ತೋರಿಸಿದೆ. ನಡೆಯುವವರನ್ನು ತೋರಿಸುವ ಕೈ, ಅವರ ಜೊತೆಗೇ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಸರಿಯಿತು. ಆ ಹೆಂಗಸು ನನ್ನ ಕೈ ಹೋದ ಕಡೆಯೆಲ್ಲ ನೋಡಿದಳು. ಅವಳಿಗೆ ಬೇರೆ ತಿಳಿಯಿತು. ಬಾಯಿ ತೆರೆದು, ತನ್ನ ಕೈಯನ್ನೂ ಹಾಗೇ ಇಡೀ ಸಾಲಿನ ಮೇಲೆ ಬೀಸಿ, ಇವರೆಲ್ಲರೂ ನಿನ್ನವರೇ ಅಂತ ಸನ್ನೆಯಲ್ಲಿ ಕೇಳಿದಳು.

ನಾನು ಹೌದು ಅಂತ ಗೋಣು ಹಾಕಿದೆ.